ಬಸುರಿಯರಿಗೆ ಫ್ಲೂ ಲಸಿಕೆ: ಅಂಜಿಕೆ ಬೇಡ

ಮಾನ್ಯ ಸಂಪಾದಕರೇ,

ಸೀಮಂತಕ್ಕೆಂದು ತವರಿಗೆ ಬಂದ ಮಗಳಿಗೆ ವೈದ್ಯರು ಫ್ಲೂ ಲಸಿಕೆ ಬರೆದುಕೊಟ್ಟರು. ಮನೆಯಲ್ಲಿ ಎಲ್ಲರದೂ ಒಂದೇ ಮಾತು: ‘ನೆಗಡಿಗೂ ಸೂಜಿಯೇ? ಮಗುವಿಗೆ ಏನಾದರೂ ಆದರೆ? ಶುಂಠಿ ಕಷಾಯ ಸಾಕು.’ ಚೀಟಿ ಮೂರು ವಾರ ಫ್ರಿಜ್ ಮೇಲೇ ಬಿದ್ದಿತ್ತು. ಧನುರ್ವಾಯು, ಗಂಟಲಮಾರಿ ತಡೆಯುವ ಟಿಡಿ ಚುಚ್ಚುಮದ್ದನ್ನು ಮಾತ್ರ ಯಾರೂ ಪ್ರಶ್ನಿಸಿರಲಿಲ್ಲ; ಆಶಾ ಕಾರ್ಯಕರ್ತೆ ಹೇಳಿದ್ದರು, ತಾಯಿ ಕಾರ್ಡಿನಲ್ಲಿ ಬರೆದಿತ್ತು.

ಬಸುರಿಯರಿಗೆ ಫ್ಲೂ ಎಷ್ಟು ಅಪಾಯಕಾರಿ ಎಂಬುದನ್ನು 2009ರ ಎಚ್1ಎನ್1 (ಹಂದಿಜ್ವರ) ತೋರಿಸಿಕೊಟ್ಟಿದೆ. ಚುಚ್ಚುಮದ್ದಿನಲ್ಲಿರುವುದು ನಿಷ್ಕ್ರಿಯ ವೈರಾಣು. ಅದರಿಂದ ಫ್ಲೂ ಬರುವುದಿಲ್ಲ. ಆರು ತಿಂಗಳೊಳಗಿನ ಕೂಸಿಗೆ ಈ ಲಸಿಕೆ ಹಾಕುವಂತಿಲ್ಲ, ತಾಯಿ ಹಾಕಿಸಿಕೊಂಡರೆ ಅವಳಿಂದ ಬಂದ ಪ್ರತಿಕಾಯಗಳೇ (ರೋಗ ತಡೆಯುವ ಅಂಶಗಳೇ) ಅದಕ್ಕೆ ರಕ್ಷೆ. ಆಶಾ ಕಾರ್ಯಕರ್ತೆಯರು ಇದನ್ನೂ ಮನೆಮನೆಗೆ ತಿಳಿಸಲಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಲಸಿಕೆ ಉಚಿತವಾಗಿ ಸಿಗಲಿ.

ಮಗಳು ಎಂಟನೇ ತಿಂಗಳಲ್ಲಿ ಹಾಕಿಸಿಕೊಂಡಳು. ಒಂದು ದಿನ ತೋಳು ನೋವಿತ್ತು, ಅಷ್ಟೇ.

– ಓರ್ವ ತಾಯಿ, ತಿಪಟೂರು