ಜಾನ್ ಟೇಲರ್ ಯಾಕೆ ಸರ್ಕಾರವನ್ನು ನಂಬಲಿಲ್ಲ

ಪ್ರಿಯ ರಘು,

ಬಹುಪತ್ನಿತ್ವವನ್ನು ಧರ್ಮವೆಂದು ನಂಬಿದ್ದ ಮಾರ್ಮನ್ ಎಂಬ ಕ್ರೈಸ್ತ ಪಂಥದವರ ವಿಷಯದಲ್ಲಿ ಅಮೆರಿಕ ಸರ್ಕಾರ ಮಾಡಿದ್ದೇ ಸರಿ, ಅವರ ಚರ್ಚಿನ ಮುಖಂಡರದ್ದು ಬರೀ ಹಟ ಎಂದು ನೀನು ಬರೆದಿದ್ದೆ. ನನಗೆ ಹಾಗೆ ಅನ್ನಿಸುವುದಿಲ್ಲ ಕಣೋ.

ಆ ಮುಖಂಡರಲ್ಲಿ ಜಾನ್ ಟೇಲರ್ ಒಬ್ಬನನ್ನೇ ನೋಡು. 1844ರ ಜೂನ್ 27ರಂದು ಅವನು ಇಲಿನಾಯ್‌ನ ಕಾರ್ತೇಜ್ ಜೈಲಿನಲ್ಲಿ ಜೋಸೆಫ್ ಸ್ಮಿತ್ ಜೊತೆಗಿದ್ದ. ಚರ್ಚ್ ಕಟ್ಟಿದ ಸ್ಮಿತ್ ಅಲ್ಲಿನ ‘ನಾವೂ’ (Nauvoo) ಎಂಬ ಊರಿನ ಮೇಯರ್ ಕೂಡ ಆಗಿದ್ದ. ತನ್ನ ವಿರುದ್ಧ ಬರೆದ ಪತ್ರಿಕೆಯ ಅಚ್ಚಿನ ಯಂತ್ರವನ್ನು ಒಡೆಸಿ ಹಾಕಿದ್ದ. ಅದು ತಪ್ಪೇ. ಆದರೆ ನಿನ್ನನ್ನು ಕಾಪಾಡುತ್ತೇನೆ ಎಂದು ಗವರ್ನರ್ ಥಾಮಸ್ ಫೋರ್ಡ್ ಮಾತು ಕೊಟ್ಟಿದ್ದ. ಮುಖಕ್ಕೆ ಮಸಿ ಬಳಿದುಕೊಂಡ ಗುಂಪೊಂದು ಜೈಲಿಗೆ ನುಗ್ಗಿ ಸ್ಮಿತ್‌ನನ್ನೂ ಅವನ ಅಣ್ಣ ಹೈರಮ್‌ನನ್ನೂ ಕೊಂದಿತು. ಟೇಲರ್ ಮೈಗೂ ಗುಂಡುಗಳು ಹೊಕ್ಕವು. ಹೇಗೋ ಉಳಿದ.

ಅದಕ್ಕೆ ಆರು ವರ್ಷ ಮೊದಲು ಮಿಸೌರಿಯ ಗವರ್ನರ್ ಬಾಗ್ಸ್, ಮಾರ್ಮನ್ನರನ್ನು ಓಡಿಸಿ, ಇಲ್ಲವೇ ನಿರ್ನಾಮ ಮಾಡಿ ಎಂದು ಆದೇಶವನ್ನೇ ಹೊರಡಿಸಿದ್ದ. ಅದು ರದ್ದಾಗಿದ್ದು 1976ರಲ್ಲಿ! ಇದನ್ನೆಲ್ಲ ಕಂಡವನು ಸರ್ಕಾರದ ಮಾತನ್ನು ಹೇಗೆ ನಂಬುತ್ತಾನೆ, ಹೇಳು.

ಆಮೇಲೆ ಮಾರ್ಮನ್ನರು, ಸ್ಮಿತ್ ನಂತರ ಮುಖಂಡನಾದ ಬ್ರಿಗಮ್ ಯಂಗ್ ಹಿಂದೆ ಯೂಟಾಕ್ಕೆ ಹೋದರು. ಅಲ್ಲಿ ಅವರ ಕೈಗೂ ರಕ್ತ ಅಂಟಿತು. 1857ರಲ್ಲಿ ಅಮೆರಿಕದ ಅಧ್ಯಕ್ಷ ಬುಕ್ಯಾನನ್ ಅವರತ್ತ ಸೈನ್ಯ ಕಳಿಸಿದ ಹೊತ್ತಿನಲ್ಲೇ, ಮೌಂಟನ್ ಮೆಡೋಸ್‌ನಲ್ಲಿ ದಾರಿಹೋಕ ವಲಸಿಗರನ್ನು ಮಾರ್ಮನ್ ಪಡೆ ಕೊಂದಿತು. ಸತ್ತವರು ಸುಮಾರು 120 ಜನ. ಭಯ ಇತ್ತು ನಿಜ, ಆದರೆ ಭಯದ ಹೆಸರಿನಲ್ಲಿ ಅದನ್ನು ಮನ್ನಿಸಲು ನನ್ನಿಂದಾಗದು.

ಬಹುಪತ್ನಿತ್ವದ ಮೊಕದ್ದಮೆ 1879ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಗಂಡನ ಚಿತೆ ಏರುವುದೇ ಧರ್ಮ ಎಂದು ಹೆಂಡತಿ ನಂಬಿದರೆ ಸರ್ಕಾರ ತಡೆಯಬಾರದೇ ಎಂದು ಕೋರ್ಟ್ ಕೇಳಿತು. ನಮ್ಮ ಸತಿ ಪದ್ಧತಿ ಅಷ್ಟು ದೂರ ಹೋಗಿತ್ತು ನೋಡು. ನಂಬಿಕೆಗೆ ತಡೆಯಿಲ್ಲ, ಆಚರಣೆಗೆ ಕಾನೂನು ಉಂಟು ಎಂಬುದು ತೀರ್ಪು. ಇದನ್ನು ನಾನೂ ಒಪ್ಪುತ್ತೇನೆ.

ಆದರೆ ಬಹುಪತ್ನಿತ್ವವನ್ನು ಹತ್ತಿಕ್ಕಲು ಸರ್ಕಾರ ತಂದ 1887ರ ಎಡ್ಮಂಡ್ಸ್–ಟಕರ್ ಕಾಯ್ದೆಯನ್ನು ಒಪ್ಪಲಾರೆ. ಚರ್ಚಿನ ಆಸ್ತಿ ಮುಟ್ಟುಗೋಲಾಯಿತು. ಚರ್ಚಿನ ಅಧ್ಯಕ್ಷನಾಗಿದ್ದ ಟೇಲರ್ ಬಂಧನ ತಪ್ಪಿಸಿಕೊಳ್ಳಲು ಆಗಲೇ ತಲೆಮರೆಸಿಕೊಂಡಿದ್ದ. ಅದೇ ವರ್ಷ ಜುಲೈನಲ್ಲಿ ಹಾಗೆಯೇ ಸತ್ತ. ಅವನ ನಂತರ ಬಂದ ವುಡ್ರಫ್ 1890ರಲ್ಲಿ ಪ್ರಕಟಣೆ ಹೊರಡಿಸಿ, ಇನ್ನು ಇಂಥ ಮದುವೆ ಬೇಡ ಎಂದ.

ನನಗೆ ಜಾಸ್ತಿ ಸಿಟ್ಟು ಬರುವುದು ಇನ್ನೊಂದಕ್ಕೆ. ಯೂಟಾದ ಹೆಂಗಸರಿಗೆ 1870ರಿಂದಲೇ ಮತದ ಹಕ್ಕಿತ್ತು. ಅವರನ್ನು ಉದ್ಧಾರ ಮಾಡುತ್ತೇವೆ ಎಂದವರೇ ಅದೇ ಕಾಯ್ದೆಯಲ್ಲಿ ಆ ಹಕ್ಕನ್ನು ಕಿತ್ತುಕೊಂಡರು. ಬಹುಪತ್ನಿತ್ವದ ಮನೆಗೆ ಸೇರದ ಹೆಂಗಸರೂ ಮತ ಕಳೆದುಕೊಂಡರು. 1896ರಲ್ಲಿ ಯೂಟಾ ರಾಜ್ಯವಾದಾಗಲೇ ಅದು ಮರಳಿ ಸಿಕ್ಕಿದ್ದು. ಇದಕ್ಕೆ ನೀನು ಏನು ಹೇಳುತ್ತೀಯ, ಬರೆ.

ನಿನ್ನ ಗೆಳೆಯ