ಒಪ್ಪಿಗೆ ಕೇಳುವುದಾದರೆ ಕನ್ನಡದಲ್ಲಿ ಕೇಳಿ

ಮಾನ್ಯ ಸಂಪಾದಕರೇ,

ಮಕ್ಕಳ ಮೊಬೈಲ್ ಗೀಳಿನ ಬಗ್ಗೆ ನಿಮ್ಮ ಓದುಗರ ಅಂಕಣದಲ್ಲಿ ಹಿರಿಯರ ಪತ್ರಗಳು ಆಗಾಗ ಬರುತ್ತವೆ. ಅವರ ಕಳವಳ ಸುಳ್ಳಲ್ಲ. ಆದರೆ ಕಾಸರಗೋಡಿನ ಪೆರ್ಲದ ಕಡೆಯವಳಾದ, ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನನಗೆ ಫೋನನ್ನು ಬರೀ ಶತ್ರುವೆಂದು ನೋಡಲು ಆಗುವುದಿಲ್ಲ. 2020ರ ಜೂನ್ 1ರಂದು ಕೋವಿಡ್‌ನಿಂದ ಶಾಲೆ ಮುಚ್ಚಿ ಕೇರಳದಲ್ಲಿ ‘ಫಸ್ಟ್ ಬೆಲ್’ ಎಂಬ ಟಿವಿ ತರಗತಿಗಳು ಆರಂಭವಾದಾಗ ನಮ್ಮ ಮನೆಯ ಟಿವಿಯಲ್ಲಿ ಬರುತ್ತಿದ್ದದ್ದು ಮಲಯಾಳ ಪಾಠ. ನಾನಾಗ ಎಂಟನೇ ತರಗತಿ. ನಮಗೆ ಕನ್ನಡದಲ್ಲಿ ಪಾಠ ಸಿಕ್ಕಿದ್ದು ಟೀಚರು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಿದ್ದ ಲಿಂಕುಗಳಿಂದ, ರಾತ್ರಿ ಕೂತು ಅವರು ರೆಕಾರ್ಡ್ ಮಾಡುತ್ತಿದ್ದ ಧ್ವನಿ ಸಂದೇಶಗಳಿಂದ. ಅಪ್ಪ ತೋಟದಿಂದ ಬಂದು ಫೋನ್ ಕೊಟ್ಟ ಮೇಲೆ ಸಿಗ್ನಲ್ ಸಿಗುವ ಗುಡ್ಡೆಗೆ ಹೋಗಿ ಅವನ್ನು ಇಳಿಸಿಕೊಳ್ಳುತ್ತಿದ್ದೆವು. ಆ ಫೋನ್ ಇಲ್ಲದಿದ್ದರೆ ಆ ವರ್ಷ ನಮಗೆ ಶಾಲೆಯೇ ಇರುತ್ತಿರಲಿಲ್ಲ.

ನನ್ನ ದೂರು ಬೇರೆ. ನಮ್ಮ ಹೆಸರು, ಮುಖ, ಫೋನ್ ನಂಬರು, ಬೆರಳಚ್ಚುಗಳನ್ನು ಪಡೆಯುವವರು ನಮಗೆ ಒಪ್ಪಿಗೆಯೇ ಎಂದು ಕೇಳುತ್ತಾರೆ. ಕೇಳುವುದು ಮಾತ್ರ ನಮ್ಮ ಮನೆಯವರಿಗೆ ಓದಲು ಬಾರದ ಭಾಷೆಯಲ್ಲಿ.

ನನ್ನ ಅಮ್ಮ ದಿನಾ ಮಧ್ಯಾಹ್ನ ಕನ್ನಡ ಪತ್ರಿಕೆಯನ್ನು ಮೊದಲ ಪುಟದಿಂದ ಶ್ರದ್ಧಾಂಜಲಿ ಜಾಹೀರಾತಿನವರೆಗೆ ಓದುತ್ತಾರೆ. ಮಲಯಾಳ ಕೇಳಿದರೆ ಅರ್ಥವಾಗುತ್ತದೆ, ಪೇಟೆಯಲ್ಲಿ ಧಾರಾಳ ಮಾತಾಡುತ್ತಾರೆ, ಲಿಪಿ ಬಾರದು. ಇಂಗ್ಲಿಷ್ ಅಂದರೆ ಬಸ್ಸಿನ ಬೋರ್ಡು ಓದುವಷ್ಟು. ಅವರು ಸರ್ಟಿಫಿಕೇಟಿಗೆಂದು ಪೇಟೆಯ ಸೇವಾ ಕೇಂದ್ರಕ್ಕೆ ಹೋದರೆ ಕಂಪ್ಯೂಟರಿನ ಮುಂದೆ ಕೂತ ಹುಡುಗಿ, “ಅಕ್ಕಾ, ಒಟಿಪಿ ಬಂತಲ್ಲ, ಹೇಳಿ” ಎನ್ನುತ್ತಾಳೆ. ಅಮ್ಮ ಹೇಳುತ್ತಾರೆ. ಅಷ್ಟರಲ್ಲಿ ಒಪ್ಪಿಗೆಯ ಚೌಕದಲ್ಲಿ ಟಿಕ್ ಬಿದ್ದಾಗಿರುತ್ತದೆ. ಯಾವುದಕ್ಕೆ ಒಪ್ಪಿದೆವು, ಆ ಮಾಹಿತಿ ಯಾರ ಕೈಗೆ ಹೋಗುತ್ತದೆ, ಎಷ್ಟು ಕಾಲ ಇಟ್ಟುಕೊಳ್ಳುತ್ತಾರೆ ಎಂಬುದನ್ನು ಅಮ್ಮ ಓದಲಿಲ್ಲ, ಓದುವ ಹಾಗೂ ಇರಲಿಲ್ಲ. ಆ ಹುಡುಗಿಯನ್ನು ನಾನು ದೂರಲಾರೆ. ಅವಳ ಮುಂದೆ ಬಾಗಿಲಿನವರೆಗೆ ಸಾಲು ನಿಂತಿರುತ್ತದೆ, ಸರ್ವರ್ ಯಾವಾಗ ನಿಲ್ಲುತ್ತದೋ ಎಂಬ ಆತಂಕ ಬೇರೆ.

2025ರ ಆಗಸ್ಟ್‌ನಲ್ಲಿ ಕೇರಳವನ್ನು ಸಂಪೂರ್ಣ ಡಿಜಿಟಲ್ ಸಾಕ್ಷರ ರಾಜ್ಯವೆಂದು ಘೋಷಿಸಲಾಯಿತು. ಅದಕ್ಕಾಗಿ ಮನೆಮನೆಗೆ ಬಂದು ಅಜ್ಜಿಯಂದಿರಿಗೆ ವಿಡಿಯೋ ಕಾಲ್ ಕಲಿಸಿದ ಸ್ವಯಂಸೇವಕರ ಶ್ರಮವನ್ನು ನಾನು ಗೌರವಿಸುತ್ತೇನೆ. ಅದರ ಮುಂದಿನ ಹೆಜ್ಜೆ ಬಾಕಿ ಇದೆ. ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿದರೆ ಕ್ಯಾಮೆರಾ, ಮೈಕ್, ಕಾಂಟ್ಯಾಕ್ಟ್‌ಗಳಿಗೆ ಅನುಮತಿ ಕೇಳುವ ಸಾಲುಗಳು ಕನ್ನಡದಲ್ಲೇ ಬರುತ್ತವೆ. ನಾನು ಅಮ್ಮನ ಫೋನಿನಲ್ಲಿ ಹಾಗೆ ಮಾಡಿಕೊಟ್ಟ ಮೇಲೆ ಅವರು ಒಂದು ಟಾರ್ಚ್ ಆ್ಯಪ್‌ಗೆ “ಲೈಟಿಗೆ ನನ್ನ ಕಾಂಟ್ಯಾಕ್ಟ್ ಯಾಕೆ?” ಎಂದು ಅನುಮತಿ ಕೊಡಲಿಲ್ಲ. ಓದಲು ಸಿಕ್ಕಿದರೆ ನಮ್ಮ ಅಮ್ಮಂದಿರಿಗೆ ಬೇಕಾದ್ದು ಬೇಡದ್ದು ತಿಳಿಯುತ್ತದೆ. ದೂರದ ಕಂಪನಿಗಳಿಗೆ ಸಾಧ್ಯವಾದದ್ದು ನಮ್ಮದೇ ಜಿಲ್ಲೆಯ ಶಾಲೆ, ಪಂಚಾಯತ್‌, ಬ್ಯಾಂಕುಗಳಿಗೆ ಯಾಕೆ ಸಾಧ್ಯವಾಗಬಾರದು?

ಮಕ್ಕಳ ವಿಷಯದಲ್ಲಿ ನನಗೆ ಹೆಚ್ಚಿನ ಸಂಕಟ. ಜೂನ್‌ನಲ್ಲಿ ಪ್ರವೇಶೋತ್ಸವ, ಆಮೇಲೆ ಕಲೋತ್ಸವ, ಕೊನೆಗೆ ಎಸ್‌ಎಸ್‌ಎಲ್‌ಸಿ ಫಲಿತಾಂಶ. ಒಂದೊಂದಕ್ಕೂ ಮಕ್ಕಳ ಮುಖ ಫೇಸ್‌ಬುಕ್ ಪುಟಕ್ಕೆ, ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೆ, ಪೇಟೆಯ ಫ್ಲೆಕ್ಸಿಗೆ ಏರುತ್ತದೆ. ಜೊತೆಗೆ ತರಗತಿ, ಅಪ್ಪ ಅಮ್ಮನ ಹೆಸರು, ಮನೆ ಇರುವ ಜಾಗ. ಅಭಿಮಾನದಿಂದ ಹಾಕುತ್ತಾರೆ, ಗೊತ್ತು. ನನ್ನ ತಂಗಿಗೆ ಎಲ್ಲ ವಿಷಯಗಳಲ್ಲೂ ಎ ಪ್ಲಸ್ ಬಂದಾಗ ನಾವೂ ಹಿಗ್ಗಿದವರೇ. ಆದರೆ ಅದರ ಬೆನ್ನಿಗೇ ಅಪ್ಪನ ಫೋನಿಗೆ ಗಡಿಯಾಚೆಯ ಕಾಲೇಜುಗಳಿಂದ, ಕೋಚಿಂಗ್ ಸೆಂಟರುಗಳಿಂದ ಕರೆ ಬರತೊಡಗಿತು. ಕರೆ ಮಾಡಿದವರಿಗೆ ತಂಗಿಯ ಹೆಸರು, ಅಂಕ, ಅಪ್ಪನ ಕೆಲಸ ಎಲ್ಲ ಗೊತ್ತಿತ್ತು. ವಿಚಾರಿಸಿದಾಗ ತಿಳಿದದ್ದು ಇಷ್ಟು: ಪರೀಕ್ಷೆಗೆ ಮೊದಲು ಒಂದು ಮಾರ್ಗದರ್ಶನ ಶಿಬಿರದಲ್ಲಿ ಮಕ್ಕಳಿಂದ ಗೂಗಲ್ ಫಾರ್ಮ್ ತುಂಬಿಸಿದ್ದರು. ಇಂಗ್ಲಿಷಿನ ಫಾರ್ಮ್. ಮನೆಯ ಆದಾಯವೂ ಅದರಲ್ಲಿತ್ತು. ಹದಿನೈದು ವರ್ಷದ ಮಕ್ಕಳು ಹಾಜರಿ ಹಾಕಿದಂತೆ ತುಂಬಿ ಕೊಟ್ಟಿದ್ದರು. ಯಾವ ಮನೆಯವರನ್ನೂ ಯಾರೂ ಕೇಳಿರಲಿಲ್ಲ.

ಖಾಸಗಿ ವಿಷಯ ಬೀದಿಗೆ ಬಂದರೆ ಏನಾಗುತ್ತದೆ ಎಂದು ಈ ಜಿಲ್ಲೆಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. 2020ರ ಮಾರ್ಚ್‌ನಲ್ಲಿ ಕೋವಿಡ್ ರೋಗಿಗಳು ಓಡಾಡಿದ ಜಾಗಗಳ ರೂಟ್ ಮ್ಯಾಪ್ ಪ್ರಕಟವಾಗುತ್ತಿತ್ತು. ಸೋಂಕು ತಡೆಯಲು ಅದು ಬೇಕಿತ್ತು. ಆ ನಕ್ಷೆಯಲ್ಲಿ ಹೆಸರು ಇರುತ್ತಿರಲಿಲ್ಲ. ಆದರೆ ನಮ್ಮ ಗುಂಪುಗಳಿಗೆ ಅದು ತಲಪುವಷ್ಟರಲ್ಲಿ ಇಂಥವರ ಮಗ, ಇಂಥ ಮನೆ ಎಂದು ಧ್ವನಿ ಸಂದೇಶವೂ ಜೊತೆಗೂಡಿರುತ್ತಿತ್ತು. ಗುಣವಾಗಿ ಬಂದವರನ್ನೂ ಅಂಗಡಿಯಲ್ಲಿ ದೂರ ನಿಲ್ಲಿಸಿದ್ದನ್ನು ಕಂಡಿದ್ದೇನೆ. ಅದೇ ಹೊತ್ತಿಗೆ ಕೋವಿಡ್ ಮಾಹಿತಿಯನ್ನು ಅಮೆರಿಕದ ಸ್ಪ್ರಿಂಕ್ಲರ್ ಕಂಪನಿಗೆ ಒಪ್ಪಿಸಿದ ಪ್ರಶ್ನೆ ಕೇರಳ ಹೈಕೋರ್ಟಿಗೆ ಹೋಯಿತು. ಜನರ ಗುರುತು ಅಳಿಸಿದ ನಂತರವೇ ಮಾಹಿತಿ ಕೊಡಬೇಕು, ಇಂಥ ಕಂಪನಿಯ ಕೈಗೆ ಹೋಗಬಹುದೆಂದು ತಿಳಿಸಿ ಒಪ್ಪಿಗೆ ಪಡೆಯಬೇಕು ಎಂದು 2020ರ ಏಪ್ರಿಲ್ 24ರಂದು ಹೈಕೋರ್ಟು ಮಧ್ಯಂತರ ಆದೇಶ ಕೊಟ್ಟಿತು. ಸಾಂಕ್ರಾಮಿಕದ ನಡುವೆಯೂ ಕೇಳದೆ ಕೊಡಬೇಡಿ ಎಂದು ನ್ಯಾಯಾಲಯ ಹೇಳಿದ ಮೇಲೆ, ಸಾಮಾನ್ಯ ದಿನಗಳಲ್ಲಿ ಕೇಳದಿರಲು ಯಾವ ನೆಪ ಉಳಿಯುತ್ತದೆ?

ಇನ್ನೂ ಹಿಂದಿನದು ಗೇರು ತೋಟಗಳಿಗೆ ಸಿಂಪಡಿಸಿದ ಎಂಡೋಸಲ್ಫಾನ್ ಕೀಟನಾಶಕದ ಕತೆ. ಅದರಿಂದ ನರಳಿದ ಎಣ್ಮಕಜೆ, ಪಡ್ರೆ ಕಡೆಯ ಮಕ್ಕಳ ಚಿತ್ರಗಳು ಜಗತ್ತನ್ನು ಎಬ್ಬಿಸಿದವು. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ತಡೆಹಿಡಿದುದರ ಹಿಂದೆ ಆ ಚಿತ್ರಗಳ ಬಲವೂ ಇತ್ತು. ಹಾಗಾಗಿ ಫೋಟೋ ತೆಗೆಯುವುದೇ ತಪ್ಪು ಎಂದು ನಾನು ಹೇಳಲಾರೆ. ಆದರೆ ಆ ಚಿತ್ರಗಳು ಇವತ್ತಿಗೂ ಫೇಸ್‌ಬುಕ್ಕಿನಲ್ಲಿ ಸುತ್ತುತ್ತಿವೆ, ಸಂಬಂಧವಿಲ್ಲದ ಪೋಸ್ಟುಗಳಿಗೆಲ್ಲ ಅಂಟಿಕೊಂಡು. ಆ ತಾಯಂದಿರಿಗೆ ಗೊತ್ತಿದ್ದದ್ದು ಮುದ್ರಿತ ಪತ್ರಿಕೆ ಮಾತ್ರ. ಎಂದೂ ಅಳಿಯದ, ಯಾರು ಬೇಕಾದರೂ ಎತ್ತಿಕೊಳ್ಳಬಹುದಾದ ಇಂಟರ್‌ನೆಟ್ಟಿಗೆ ಅವರು ಒಪ್ಪಿಗೆ ಕೊಟ್ಟಿದ್ದರೇ? ಈ ಪ್ರಶ್ನೆ ನನ್ನನ್ನು ಬಿಡುವುದಿಲ್ಲ.

ಈಗ ಎಐ ಬಂದ ಮೇಲೆ ಒಂದೇ ಒಂದು ಮುಖದ ಫೋಟೋ ಇದ್ದರೂ ಸಾಕು. 2025ರ ಸೆಪ್ಟೆಂಬರ್‌ನಲ್ಲಿ ತಮ್ಮ ಫೋಟೋವನ್ನು ಹಳೆಯ ಸಿನಿಮಾದ ಸೀರೆಯ ಚಿತ್ರವಾಗಿಸುವ ಹುಚ್ಚು ಹರಡಿದಾಗ ನನ್ನ ಗೆಳತಿಯರು ಖುಷಿಪಟ್ಟರು. ಅದೇ ಬಗೆಯ ತಂತ್ರದಿಂದ ಹುಡುಗಿಯೊಬ್ಬಳ ಮುಖವನ್ನು ಅಶ್ಲೀಲ ಚಿತ್ರಕ್ಕೂ ಅಂಟಿಸಬಹುದು. ಅಂಥದ್ದನ್ನು ದೂರು ಬಂದ 24 ಗಂಟೆಯೊಳಗೆ ತೆಗೆಯಬೇಕೆಂದು 2021ರ ಐಟಿ ನಿಯಮಗಳು ವಿಧಿಸಿದವು. ಆದರೆ ಮಂಜೇಶ್ವರದ ಒಳಗಿನ ಊರಿನ ಹುಡುಗಿ ಎಲ್ಲಿ ದೂರಬೇಕು, ಯಾವ ಭಾಷೆಯಲ್ಲಿ ಬರೆಯಬೇಕು ಎಂದು ತಿಳಿಯದೆ ಮನೆಯವರಿಗೆ ಹೆದರಿ ಕೂತರೆ ಆ ಗಂಟೆಗಳಿಂದ ಅವಳಿಗೇನು ಸಿಕ್ಕಿತು?

ಕಾನೂನಿನ ಬಲ ನಮಗೆ ಇಲ್ಲದಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇನ್ನೂ ಮುಂದೆ ಹೋಗಿದೆ. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಾಗಲಿ ಓದುವ ಆಯ್ಕೆ ಇರಬೇಕು ಎನ್ನುತ್ತದೆ ಅದು. ಆ 22 ಭಾಷೆಗಳಲ್ಲಿ ಕನ್ನಡವಿದೆ. (ನಮ್ಮಲ್ಲಿ ಬಹಳ ಮನೆಗಳ ಮಾತಾದ ತುಳು ಇನ್ನೂ ಇಲ್ಲ. ಆ ನೋವು ಇನ್ನೊಂದು ಪತ್ರದ್ದು.) 18 ತುಂಬದವರ ಮಾಹಿತಿಗೆ ಹೆತ್ತವರ ಒಪ್ಪಿಗೆ ಬೇಕು ಎಂದೂ ಅದರಲ್ಲಿದೆ. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ, ಮುಖ್ಯ ಭಾಗಗಳಿಗೆ 18 ತಿಂಗಳ ಗಡುವು ಸಿಕ್ಕಿತು. ಸಿದ್ಧರಾಗಲು ಕೊಟ್ಟ ಸಮಯ ಅದು.

ಇದರಲ್ಲೊಂದು ತೂತಿದೆ. ಸರಕಾರದ ಸವಲತ್ತು, ಸರ್ಟಿಫಿಕೇಟುಗಳ ಮಟ್ಟಿಗೆ ಒಪ್ಪಿಗೆಯ ಅಗತ್ಯದಿಂದ ಈ ಕಾಯ್ದೆ ಸಾಕಷ್ಟು ವಿನಾಯಿತಿ ಕೊಟ್ಟಿದೆ. ಅಂದರೆ ಅಮ್ಮನ ಸೇವಾ ಕೇಂದ್ರದ ಪ್ರಶ್ನೆ ಹಾಗೇ ಉಳಿಯುತ್ತದೆ. ಅಲ್ಲಿ ನಾವು ಹಿಡಿಯಬೇಕಾದದ್ದು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯನ್ನು. ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸರಕಾರದೊಂದಿಗೆ, ತಾವಿರುವ ಪ್ರದೇಶದ ಸರಕಾರಿ ಕಚೇರಿಗಳೊಂದಿಗೆ ತಮ್ಮ ಭಾಷೆಯಲ್ಲೇ ಪತ್ರ ವ್ಯವಹಾರ ಮಾಡಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಎಂದು ಅದು ಹೇಳುತ್ತದೆ. ಕಾಗದ, ಶಾಯಿಯ ಕಾಲದ ಕಾಯ್ದೆ ನಿಜ. ಆದರೆ ಇವತ್ತು ಕಚೇರಿಯೊಂದಿಗೆ ಜನರ ವ್ಯವಹಾರ ನಡೆಯುವುದೇ ಪರದೆಯ ಮೇಲೆ. ಕಾಗದದಲ್ಲಿದ್ದ ಹಕ್ಕು ಪರದೆಗೆ ಬಂದ ಕೂಡಲೇ ಕರಗಬಾರದು. ಭಾಷಾ ಅಲ್ಪಸಂಖ್ಯಾತರ ಹೆಸರಿನಲ್ಲಿ ಮಾತಾಡುವ ನಮ್ಮ ಸಂಘಟನೆಗಳು, ಶಾಸಕರು ಬೋರ್ಡು, ನೇಮಕಾತಿ, ಪಠ್ಯಪುಸ್ತಕಗಳಿಗಾಗಿ ಹೋರಾಡಿದ್ದಾರೆ. ಒಪ್ಪಿಗೆ ಪತ್ರವನ್ನೂ ಆ ಬೇಡಿಕೆಗಳ ಪಟ್ಟಿಗೆ ಸೇರಿಸಬೇಕೆಂದು ಕೈಮುಗಿದು ಕೇಳುತ್ತೇನೆ.

ನಿಮ್ಮ ಪತ್ರಿಕೆಗೂ ಒಂದು ಕೋರಿಕೆ. ಮಕ್ಕಳ ಸಾಧನೆಯನ್ನು ಖಂಡಿತ ಪ್ರಕಟಿಸಿ, ಅದು ನಮಗೆಲ್ಲ ಹುಮ್ಮಸ್ಸು. ಮಗುವಿನ ಹೆಸರು, ಶಾಲೆ ಸಾಕು. ಮನೆಯ ಗುರುತು, ಹೆತ್ತವರ ಹೆಸರು ಹಾಕಬೇಕಾದರೆ ಮನೆಯವರನ್ನು ಕೇಳಿದ್ದೀರಾ ಎಂದು ವರದಿ ಕಳಿಸಿದವರಲ್ಲಿ ಒಂದು ಮಾತು ವಿಚಾರಿಸಿ.

ನಾವು ಕೆಲವು ಸಹಪಾಠಿಗಳು ಸೇರಿ ಶಾಲೆಗಳಿಗಾಗಿ ಕನ್ನಡದಲ್ಲಿ ಅರ್ಧ ಪುಟದ ಒಪ್ಪಿಗೆ ಪತ್ರದ ಕರಡು ಮಾಡಿದ್ದೇವೆ. ಫೋಟೋ ಶಾಲೆಯ ಗೋಡೆಗೆ ಮಾತ್ರವೋ, ವಾಟ್ಸ್‌ಆ್ಯಪ್ ಗುಂಪಿಗೋ, ಎಲ್ಲರಿಗೂ ಕಾಣುವ ಫೇಸ್‌ಬುಕ್ಕಿಗೋ ಎಂದು ಬೇರೆಬೇರೆ ಕೇಳಿ, ಒಂದೊಂದರ ಎದುರೂ ‘ಬೇಡ’ ಎನ್ನಲು ಜಾಗ ಬಿಟ್ಟಿದ್ದೇವೆ. ಆಮೇಲೆ ಮನಸ್ಸು ಬದಲಾದರೆ ಯಾರಿಗೆ ಹೇಳಬೇಕು ಎಂಬ ಸಾಲೂ ಇದೆ. ನಮ್ಮ ಊರಿನ ಶಾಲೆಯ ರಕ್ಷಕ-ಶಿಕ್ಷಕ ಸಂಘದ ಮುಂದಿನ ಸಭೆಯಲ್ಲಿ ಅದನ್ನು ಇಡುತ್ತೇವೆ. ಕನ್ನಡ ಬಲ್ಲ ವಕೀಲರು, ಅಧ್ಯಾಪಕರು ಯಾರಾದರೂ ತಿದ್ದಿಕೊಡಲು ಮುಂದೆ ಬಂದರೆ ನಿಮ್ಮ ಕಚೇರಿಯ ಮೂಲಕ ತಿಳಿಸಬೇಕಾಗಿ ವಿನಂತಿ.

ಇತಿ,
ಪದವಿ ವಿದ್ಯಾರ್ಥಿನಿ, ಪೆರ್ಲ
ಕಾಸರಗೋಡು ಜಿಲ್ಲೆ