ಫಾಕ್‌ಲ್ಯಾಂಡ್ಸ್: ಹೊಗಳಿಕೆಯಲ್ಲಿ ಬಿಟ್ಟುಹೋದ ಲೆಕ್ಕ

ಮಾನ್ಯರೇ,

ದಕ್ಷಿಣ ಅಟ್ಲಾಂಟಿಕ್‌ನ ಬ್ರಿಟಿಷ್ ದ್ವೀಪಗಳಿಗಾಗಿ ಬ್ರಿಟನ್ ಮತ್ತು ಅರ್ಜೆಂಟೀನಾ ನಡುವೆ ನಡೆದ 1982ರ ಫಾಕ್‌ಲ್ಯಾಂಡ್ಸ್ ಯುದ್ಧದ ಮಾತು ಬಂದಾಗಲೆಲ್ಲ ಅಂದಿನ ಬ್ರಿಟನ್ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಅವರ ಗಟ್ಟಿತನವನ್ನು ಹೊಗಳುವುದು ವಾಡಿಕೆ. ಆದರೆ ಸುಮಾರು 13 ಸಾವಿರ ಕಿ.ಮೀ. ಆಚೆ ಯುದ್ಧ ಮಾಡುವುದೆಂದರೆ ಮುಖ್ಯವಾಗಿ ಸಾಗಣೆಯ ಕೆಲಸ. ಏಪ್ರಿಲ್ 2ರಂದು ಅರ್ಜೆಂಟೀನಾ ದ್ವೀಪ ಹಿಡಿಯಿತು. 5ಕ್ಕೆ ಬ್ರಿಟನ್‌ನ ಪೋರ್ಟ್ಸ್‌ಮತ್‌ನಿಂದ ಹಡಗುಗಳು ಹೊರಟವು. ಅವಸರದಲ್ಲಿ ಸಿಕ್ಕಸಿಕ್ಕಲ್ಲಿ ತುರುಕಿದ ಸಾಮಾನನ್ನು ದಾರಿಮಧ್ಯೆ ಅಸೆನ್ಷನ್ ದ್ವೀಪದಲ್ಲಿ ಮತ್ತೆ ಜೋಡಿಸಬೇಕಾಯಿತು. ಅಲ್ಲಿಂದ ಒಂದೇ ಒಂದು ವಲ್ಕನ್ ಬಾಂಬರ್ ಫಾಕ್‌ಲ್ಯಾಂಡ್ಸ್ ರಾಜಧಾನಿ ಸ್ಟ್ಯಾನ್ಲಿಗೆ ಹೋಗಿಬರಲು ಹಾರಾಟದಲ್ಲೇ ಇಂಧನ ತುಂಬುವ 11 ವಿಮಾನಗಳು ಬೇಕಾದವು. ಮೊದಲ ದಾಳಿಯಲ್ಲಿ ಹಾಕಿದ 21 ಬಾಂಬ್‌ಗಳಲ್ಲಿ ರನ್‌ವೇ ಮೇಲೆ ಬಿದ್ದದ್ದು ಒಂದೇ!

ನಿಜವಾದ ಪೆಟ್ಟು ಬಿದ್ದದ್ದು ಮೇ 25ರಂದು. ‘ಅಟ್ಲಾಂಟಿಕ್ ಕನ್ವೇಯರ್’ ಬಾಡಿಗೆಗೆ ಪಡೆದ ಸರಕು ಹಡಗು. ಕ್ಷಿಪಣಿಯ ದಾರಿ ತಪ್ಪಿಸುವ ಸಾಧನ ಅದರಲ್ಲಿರಲಿಲ್ಲ. ಅರ್ಜೆಂಟೀನಾದ ಎಕ್ಸೊಸೆಟ್ ಕ್ಷಿಪಣಿ ಬಡಿದು 3 ಚಿನೂಕ್, 6 ವೆಸೆಕ್ಸ್ ಹೆಲಿಕಾಪ್ಟರುಗಳು ಸುಟ್ಟವು. ಹಾಗಾಗಿ ಸೈನಿಕರು ತಾವು ದಡ ಸೇರಿದ್ದ ಸ್ಯಾನ್ ಕಾರ್ಲೋಸ್‌ನಿಂದ ಸ್ಟ್ಯಾನ್ಲಿಯ ಕಡೆಗೆ 35 ಕಿಲೋಗೂ ಹೆಚ್ಚಿನ ಹೊರೆ ಹೊತ್ತು, ಬೂಟು ಹೂತುಹೋಗುವ ಜೌಗಿನಲ್ಲಿ ನಡೆದೇ ಹೋದರು.

ಸತ್ತವರು ಬ್ರಿಟನ್‌ನ 255, ಅರ್ಜೆಂಟೀನಾದ 649 ಮಂದಿ, ಜೊತೆಗೆ ಮೂವರು ದ್ವೀಪವಾಸಿಗಳು. ಆ ಕಡಲಿನಲ್ಲಿ ಗಸ್ತಿಗಿದ್ದ ‘ಎಂಡ್ಯೂರೆನ್ಸ್’ ಹಡಗನ್ನು ಖರ್ಚು ಉಳಿಸಲು ಹಿಂತೆಗೆಯುತ್ತೇವೆಂದು 1981ರಲ್ಲಿ ಸಾರಿದ್ದೂ ಇದೇ ಥ್ಯಾಚರ್ ಸರ್ಕಾರ.

– ಓರ್ವ ಓದುಗ